ಉರಿಗಾಂ ಸೀಮೆಯ ಕೆರೆಗಳು ಮತ್ತು ನೀರುಗಂಟಿ

ಉರಿಗಾಂ ಎಂಬ ಹೆಸರು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯೊಂದಿಗೆ ಬೆರೆತುಹೋಗಿದೆ. 1880ರಿಂದ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಈ ಸೀಮೆಯ ನೆಲವನ್ನು ಗಣಿಗಳಿಗಿಂತ ಬಹು ಹಿಂದಿನಿಂದ ಪೊರೆದುಕೊಂಡು ಬಂದದ್ದು ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಪ್ರದೇಶದಲ್ಲಿ ಸಾವಿರಾರು ಕೆರೆಗಳು ನಿರ್ಮಾಣಗೊಂಡವು. ಒಂದರ ಕೋಡಿ ಹರಿದ ನೀರು ಕೆಳಗಿನ ಮತ್ತೊಂದಕ್ಕೆ ಸೇರುವ ಸರಪಳಿ ಇವುಗಳ ವಿಶೇಷ.

ಪಾಲಾರ್ ನದಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆ ಇವುಗಳಲ್ಲಿ ಪ್ರಮುಖವಾದುದು. ಒಡೆದುಹೋಗಿದ್ದ ಈ ಕೆರೆಯನ್ನು ಇರಿವ ನೊಳಂಬನು ಜೀರ್ಣೋದ್ಧಾರ ಮಾಡಿಸಿದ ವಿಷಯ 10ನೆಯ ಶತಮಾನದ ಶಾಸನದಿಂದ ತಿಳಿದುಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಕೆರೆಯ ನೀರು ಗಣಿಪಟ್ಟಣದ ಬಾಯಾರಿಕೆಯನ್ನು ತಣಿಸಿತು.

ಅರಸರು ಕೆರೆಯನ್ನು ಕಟ್ಟಿಸಿದರೆ, ದಿನನಿತ್ಯ ಅದನ್ನು ಕಾಯ್ದವನು ನೀರುಗಂಟಿ. ತೂಬು ತೆರೆಯುವುದು, ಮುಚ್ಚುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯನ್ನು ಕಾಯುವುದು ಅವನ ಹೊಣೆಯಾಗಿದ್ದವು. ಕೆರೆಯಲ್ಲಿ ನಿಂತ ನೀರನ್ನು ನೋಡಿ, ಅಚ್ಚುಕಟ್ಟಿನ ಎಷ್ಟು ಭೂಮಿಗೆ ಅದು ಸಾಕಾಗುವುದೆಂದು ಅಂದಾಜಿಸುವ ತಿಳಿವಳಿಕೆ ಅವನಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ತೂಬಿನ ಸಮೀಪದ ಪ್ರಬಲ ಹಿಡುವಳಿದಾರನೂ ತಾನಾಗಿ ಮಡೆ ತಿರುಗಿಸುವಂತಿರಲಿಲ್ಲ. ಕೊನೆಯ ಗದ್ದೆಗೂ ನೀರು ಮುಟ್ಟಬೇಕೆಂಬ ಊರಿನ ಕಟ್ಟಳೆ ನೀರುಗಂಟಿಯ ಮೂಲಕ ಜಾರಿಗೆ ಬರುತ್ತಿತ್ತು. ಇದಕ್ಕೆ ಪ್ರತಿಯಾಗಿ ಅವನಿಗೆ ಇನಾಂ ಭೂಮಿ ಮತ್ತು ಸುಗ್ಗಿಯ ಕಣದಲ್ಲಿ ಧಾನ್ಯದ ಆಯ ದೊರೆಯುತ್ತಿದ್ದವು.

ಈ ಅಧಿಕಾರದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ನೀರುಗಂಟಿಗಳು ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ಸೇರಿದವರು. ಇಡೀ ಊರಿನ ನೀರನ್ನು ಹಂಚುತ್ತಿದ್ದವರಿಗೆ ಊರಿನೊಳಗೆ ಸಮಾನ ಸ್ಥಾನವಿರಲಿಲ್ಲ. ಹುಟ್ಟಿನಿಂದ ಬಂದ ಈ ಚಾಕರಿಯನ್ನು ಬಿಡುವ ಸ್ವಾತಂತ್ರ್ಯವೂ ಸುಲಭವಾಗಿರಲಿಲ್ಲ. ಆದ್ದರಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗೊಳಿಸಿದ 1961ರ ಶಾಸನವನ್ನು ಸಾಮಾಜಿಕ ನ್ಯಾಯದ ಕ್ರಮವೆಂದೇ ಪರಿಗಣಿಸಬೇಕು. ಅದು ಹಳೆಯ ಹುದ್ದೆದಾರರಿಗೆ ಭೂಮಿಯನ್ನು ಮರುಮಂಜೂರು ಮಾಡಿಸಿಕೊಳ್ಳಲು ಅವಕಾಶ ನೀಡಿತು. ಆದರೆ ತೂಬಿನ ಹೊಣೆಯನ್ನು ವಹಿಸಿಕೊಳ್ಳುವ ಗೌರವಯುತ, ಸಂಬಳದ ಹುದ್ದೆಯೊಂದು ಊರೂರಿನಲ್ಲಿ ಅದರ ಸ್ಥಾನಕ್ಕೆ ಬರಲಿಲ್ಲ. ಕೆರೆಗಳು ಇಲಾಖೆ ಹಾಗೂ ಪಂಚಾಯಿತಿಗಳ ನಡುವೆ ಹಂಚಿಹೋದವು. ಕೊಳವೆಬಾವಿ ಬಂದ ಮೇಲೆ ಉಳ್ಳವರಿಗೆ ಕೆರೆಯ ಅಗತ್ಯ ಕಡಿಮೆಯಾಯಿತು. ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಕೆರೆ ಅಭಿವೃದ್ಧಿ ಯೋಜನೆಯು ಬಳಕೆದಾರರ ಸಂಘಗಳ ಮೂಲಕ ಈ ಹೊಣೆಯನ್ನು ಊರಿಗೆ ಮರಳಿಸಲು ಯತ್ನಿಸಿತು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನೀರು ಬಂದರೂ ಅದನ್ನು ನ್ಯಾಯವಾಗಿ ಹಂಚುವವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ನೀರುಗಂಟಿಯ ಚರಿತ್ರೆ ಇದಕ್ಕೆ ಎರಡು ಪಾಠಗಳನ್ನು ಒದಗಿಸುತ್ತದೆ: ಜಾತಿಯ ಕಟ್ಟಿನಿಂದ ಬಿಡಿಸಬೇಕಾದದ್ದು ಆ ಹುದ್ದೆಯನ್ನು, ಉಳಿಸಿಕೊಳ್ಳಬೇಕಾದದ್ದು ಅದರ ಅರಿವನ್ನು.