ಅಂಗನವಾಡಿಯ ನೀರು, ಮಕ್ಕಳ ಹಲ್ಲು: ಮುಂಡರಗಿ ಸೀಮೆಯ ಒಂದು ಪಾಠ

ನೀವು ಗದಗ ಜಿಲ್ಲೆಯ ಯಾವುದಾದರೂ ಹಳ್ಳಿಯಲ್ಲಿ ಶಿಕ್ಷಕರಾಗಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಮೂರನೆಯ ಅಥವಾ ನಾಲ್ಕನೆಯ ತರಗತಿಯ ಮಗುವೊಂದು ನಗುತ್ತದೆ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳು, ಕೆಲವೊಮ್ಮೆ ಹಳದಿ ಇಲ್ಲವೆ ಕಂದು ಬಣ್ಣದ ಅಡ್ಡ ಗೆರೆಗಳು. 'ಹಲ್ಲು ಸರಿಯಾಗಿ ಉಜ್ಜುವುದಿಲ್ಲವೇನೋ?' ಎಂದು ಗದರುವ ಮುನ್ನ ಸ್ವಲ್ಪ ತಾಳಿ. ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲ. ಅದು ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲಿನ ರಚನೆಯಲ್ಲೇ ಸೇರಿದ್ದು. ನಿಮ್ಮ ಕಣ್ಣಿಗೆ ಅದು ಇಂದು ಬಿದ್ದಿದೆ. ಆದರೆ ಅದು ಮೂಡಿದ್ದು ಈ ಮಗು ಅಂಗನವಾಡಿಯಲ್ಲಿ ತಟ್ಟೆ ಹಿಡಿದು ಕುಳಿತಿದ್ದ ದಿನಗಳಲ್ಲಿ, ಅಥವಾ ಅದಕ್ಕೂ ಮೊದಲು.

ಹಲ್ಲು ಕಟ್ಟುವ ಕಾಲ

ನಮ್ಮ ಶಾಶ್ವತ ಹಲ್ಲುಗಳು ಆರನೆಯ ವಯಸ್ಸಿನಿಂದ ಕಾಣಿಸಿಕೊಳ್ಳುತ್ತವೆ. ಆದರೆ ಅವು ಒಸಡಿನೊಳಗೆ ತಯಾರಾಗುವುದು ಬಹಳ ಮೊದಲೇ. ಮುಂದಿನ ಹಲ್ಲುಗಳ ಹೊರಗವಚವಾದ ಎನಾಮಲ್, ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ರೂಪುಗೊಳ್ಳಲು ತೊಡಗಿ ಸುಮಾರು ನಾಲ್ಕು ಐದು ವರ್ಷದ ಹೊತ್ತಿಗೆ ಪೂರ್ಣವಾಗುತ್ತದೆ. ಈ ಅವಧಿಯಲ್ಲಿ ಮಗುವಿನ ದೇಹಕ್ಕೆ ಫ್ಲೋರೈಡ್ ಹೆಚ್ಚಾಗಿ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಇದೇ ದಂತ ಫ್ಲೋರೋಸಿಸ್. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಮಾತ್ರ ಒಮ್ಮೆ ಕಟ್ಟಿ ಮುಗಿದ ಮೇಲೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಇಲ್ಲಿ ತಡೆಗಟ್ಟುವುದೊಂದೇ ನಿಜವಾದ ಚಿಕಿತ್ಸೆ.

ಚಿಕ್ಕ ಲೆಕ್ಕವೊಂದನ್ನು ಮಾಡಿ ನೋಡೋಣ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು 60 ಕಿಲೋಗ್ರಾಂ ತೂಕದ ವಯಸ್ಕರು ದಿನಕ್ಕೆ 3 ಲೀಟರ್ ಕುಡಿದರೆ, ಪ್ರತಿ ಕಿಲೋಗ್ರಾಂ ತೂಕಕ್ಕೆ ದೊರೆಯುವುದು 0.15 ಮಿಲಿಗ್ರಾಂ. ಅದೇ ನೀರನ್ನು 12 ಕಿಲೋಗ್ರಾಂ ತೂಕದ ಮಗು 1 ಲೀಟರ್ ಕುಡಿದರೆ ದೊರೆಯುವುದು 0.25 ಮಿಲಿಗ್ರಾಂ. ಕುಡಿದದ್ದು ಮೂರನೆಯ ಒಂದು ಭಾಗ, ಆದರೆ ಭಾರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಒಂದೇ ಕೊಡದ ನೀರು ಮನೆಯವರೆಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಕಂದು ಹಲ್ಲಿನ ಗುಟ್ಟು

ಈ ರಹಸ್ಯ ಬಯಲಾದ ಕಥೆ ಸ್ವಾರಸ್ಯಕರವಾಗಿದೆ. 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳು ಕಂದು ಬಣ್ಣದವು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಏನೂ ಆಗಿರಲಿಲ್ಲ. ಅಂದರೆ, ಕಾರಣ ಏನೇ ಇರಲಿ, ಅದು ಹಿಡಿಯುವುದು ಎಳೆತನದಲ್ಲಿ ಮಾತ್ರ ಎಂಬುದು ಸ್ಪಷ್ಟವಾಯಿತು.

1923ರಲ್ಲಿ ಇಡಾಹೊ ಪ್ರಾಂತದ ಓಕ್ಲಿ ಎಂಬ ಊರಿನ ತಂದೆತಾಯಂದಿರು ಮೆಕೆಯವರಿಗೆ ಒಂದು ಸುಳಿವು ಕೊಟ್ಟರು. ಬಿಸಿನೀರಿನ ಬುಗ್ಗೆಯಿಂದ ಊರಿಗೆ ಹೊಸ ಕೊಳವೆ ಹಾಕಿದ ಮೇಲೆ ತಮ್ಮ ಮಕ್ಕಳ ಹಲ್ಲು ಕೆಟ್ಟಿತು ಎಂದು. ನೀರನ್ನು ಪರೀಕ್ಷಿಸಿದರೆ ಅನುಮಾನಪಡುವಂಥದ್ದು ಏನೂ ಸಿಗಲಿಲ್ಲ. ಆದರೂ ಆ ನೀರನ್ನು ಬಿಡಿ ಎಂದು ಮೆಕೆ ಸಲಹೆ ಕೊಟ್ಟರು. ಊರವರು ಬೇರೆ ಬುಗ್ಗೆಗೆ ಬದಲಾಯಿಸಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಶುಭ್ರ ಹಲ್ಲುಗಳು ಮೂಡತೊಡಗಿದವು. ಕಾರಣದ ಹೆಸರು ಗೊತ್ತಿಲ್ಲದೆಯೇ ಮಕ್ಕಳನ್ನು ರಕ್ಷಿಸಿದ ಪ್ರಸಂಗವಿದು.

ಹೆಸರು ಸಿಕ್ಕಿದ್ದು 1931ರಲ್ಲಿ, ಅದೂ ಭೌತವಿಜ್ಞಾನದ ಒಂದು ಉಪಕರಣದಿಂದ. ಬಾಕ್ಸೈಟ್ ಎಂಬ ಗಣಿ ಪಟ್ಟಣದ ಮಕ್ಕಳಲ್ಲೂ ಇದೇ ಕಲೆ ಇತ್ತು. ಗಣಿಯ ಒಡೆತನದ ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನವಿಜ್ಞಾನಿ ಎಚ್.ವಿ. ಚರ್ಚಿಲ್ ಅಲ್ಲಿಯ ನೀರನ್ನು ರೋಹಿತಲೇಖಿಯಿಂದ ಪರೀಕ್ಷಿಸಿದರು. ಸಾಮಾನ್ಯ ರಾಸಾಯನಿಕ ಪರೀಕ್ಷೆಯಲ್ಲಿ ಯಾರೂ ಹುಡುಕದೇ ಇದ್ದ ಫ್ಲೋರೈಡ್ ಅಲ್ಲಿ ಹೇರಳವಾಗಿತ್ತು. ವಿದ್ಯಾರ್ಥಿಗಳು ಗಮನಿಸಬೇಕಾದ ಮಾತಿದು: ನೀರಿನಲ್ಲಿ ಏನೂ ಇಲ್ಲ ಎಂದರೆ, ನಾವು ಹುಡುಕಿದ್ದು ಅದರಲ್ಲಿ ಇಲ್ಲ ಎಂದಷ್ಟೇ ಅರ್ಥ.

ನಮ್ಮ ನೆಲದ ಕಲ್ಲು

ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿಗಳು ಬಂದದ್ದು 1930ರ ದಶಕದಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಿಂದ. 1937ರಲ್ಲಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಹಲ್ಲಷ್ಟೇ ಅಲ್ಲ, ಬೆನ್ನು ಕೀಲುಗಳೂ ಬಿಗಿದುಕೊಂಡ ರೋಗಿಗಳನ್ನು ವಿವರಿಸಿದರು. ಅನಂತರ ಕರ್ನಾಟಕದ ಒಣ ಸೀಮೆಯ ಹಲವು ತಾಲ್ಲೂಕುಗಳ ಹೆಸರು ಈ ಪಟ್ಟಿಗೆ ಸೇರಿದವು. ಅವುಗಳಲ್ಲಿ ಮುಂಡರಗಿಯೂ ಒಂದು.

ಮುಂಡರಗಿಯೇ ಏಕೆ? ಉತ್ತರ ಕಾಲಡಿಯಲ್ಲಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಖನಿಜಗಳಿರುತ್ತವೆ. ಅಂತರ್ಜಲ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಫ್ಲೋರೈಡ್ ನಿಧಾನವಾಗಿ ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಕೂರಿಸುತ್ತದೆ. ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಈ ತಡೆ ಇರುವುದಿಲ್ಲ. ಜೊತೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಸುಡುವ ಬಿಸಿಲು. ಹಳೆಯ ನೀರನ್ನು ತಿಳಿಯಾಗಿಸಲು ಹೊಸ ನೀರು ಇಳಿಯುವುದಿಲ್ಲ. ಬಿಸಿಲು ಹೆಚ್ಚಾದಷ್ಟೂ ಮಗು ಕುಡಿಯುವುದೂ ಹೆಚ್ಚು.

ಒಂದು ಅಪಾಯ ಹೋಗಿ ಇನ್ನೊಂದು

ಹಾಗಾದರೆ ನಮ್ಮ ಹಿರಿಯರು ಏನು ಕುಡಿಯುತ್ತಿದ್ದರು? ಲಕ್ಕುಂಡಿಯ ಮೆಟ್ಟಿಲು ಬಾವಿಗಳನ್ನು, ಡಂಬಳದ ಕೆರೆಯನ್ನು, ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯನ್ನು ನೆನೆಯಿರಿ. ಕೆರೆಯ ನೀರು ಮಳೆಯ ನೀರು. ಕಲ್ಲಿನೊಡನೆ ಅದರ ಸಹವಾಸ ಅಲ್ಪ, ಹಾಗಾಗಿ ಫ್ಲೋರೈಡೂ ಅಲ್ಪ. ಆದರೆ ಅದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಾಲರಾ, ವಾಂತಿಭೇದಿಗಳು ಮಕ್ಕಳನ್ನು ಒಯ್ಯುತ್ತಿದ್ದುದು ಅಂಥ ತೆರೆದ ನೀರಿನಿಂದಲೇ. ಜನ ಕಾಲಿಟ್ಟು ಇಳಿಯುವ ಮೆಟ್ಟಿಲು ಬಾವಿಗಳು ನಾರುಹುಣ್ಣಿನ ತವರಾಗಿದ್ದವು. ಉತ್ತರ ಕರ್ನಾಟಕ ಈ ರೋಗದಿಂದ ಬಹಳ ನರಳಿದೆ.

1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಕೊರೆಯುವ ಯಂತ್ರಗಳು ಗಟ್ಟಿ ಕಲ್ಲಿನ ಸೀಮೆಗೆ ಬಂದವು. ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಕೈಪಂಪು ರೂಪುಗೊಂಡಿತು. ಮುಚ್ಚಿದ ಕೊಳವೆ ಬಾವಿಯ ನೀರಿನಲ್ಲಿ ರೋಗಾಣು ವಿರಳ. ಇದರ ಲಾಭ ದೊಡ್ಡದು: ನಾರುಹುಣ್ಣಿನ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 1996ರಲ್ಲಿ, 2000ದಲ್ಲಿ ದೇಶ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಆದರೆ ಅದೇ ಕೊಳವೆ ಬಾವಿ ಕಲ್ಲಿನಾಳದ ಫ್ಲೋರೈಡನ್ನೂ ಮೇಲಕ್ಕೆ ತಂದಿತು. ಬಾಂಗ್ಲಾದೇಶದಲ್ಲಿ ಹೀಗೆಯೇ ಕೊಳವೆ ಬಾವಿಗಳು ಆರ್ಸೆನಿಕನ್ನು ಮೇಲೆತ್ತಿದವು. ಅದು ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. ಒಳ್ಳೆಯ ಉದ್ದೇಶದ ಕೆಲಸವನ್ನೂ ಅಳೆದು ನೋಡುತ್ತಿರಬೇಕು ಎಂಬುದಕ್ಕೆ ಇವೆರಡು ಸಾಕ್ಷಿಗಳು.

1975: ಎರಡು ಆರಂಭಗಳು

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಟಿ. ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಇವೆಲ್ಲ ಒಂದೇ ಸೂರಿನಡಿ ಬಂದವು. 2006ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಕನಿಷ್ಠ 14 ಲಕ್ಷ ಅಂಗನವಾಡಿಗಳಿರಬೇಕೆಂದು ಆದೇಶಿಸಿತು. ಹೀಗೆ ಮನೆಯ ಅಂಗಳದ ಮಗು ಸಾರ್ವಜನಿಕ ಸೂರಿನಡಿ ಬಂದು ಕುಳಿತಾಗ, ಅದು ಕುಡಿಯುವ ನೀರಿನ ಹೊಣೆಯೂ ಸಾರ್ವಜನಿಕವಾಯಿತು.

ಅದೇ 1975ರಲ್ಲಿ ನಾಗಪುರದ 'ನೀರಿ' ಸಂಸ್ಥೆಯ ವಿಜ್ಞಾನಿಗಳು ಫ್ಲೋರೈಡ್ ತೆಗೆಯುವ 'ನಲಗೊಂಡ ವಿಧಾನ'ವನ್ನು ಪ್ರಕಟಿಸಿದರು. ನೀರಿಗೆ ಸುಣ್ಣ ಮತ್ತು ಪಟಿಕ ಸೇರಿಸಿ ಕಲಕಿದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹೂಳು ಫ್ಲೋರೈಡನ್ನು ಹಿಡಿದು ಕೆಳಗಿಳಿಯುತ್ತದೆ. ವಿಧಾನ ಸರಳ, ಅಗ್ಗ. ಆದರೆ ಪ್ರಮಾಣ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ, ಹೂಳನ್ನು ಎಲ್ಲಿ ಚೆಲ್ಲುವುದೆಂಬ ಪ್ರಶ್ನೆಯೂ ಬರುತ್ತದೆ. ಅಡುಗೆ, ಪಾಠ, ದಾಖಲೆ ಎಲ್ಲವನ್ನೂ ನೋಡಿಕೊಳ್ಳುವ ಕಾರ್ಯಕರ್ತೆ ಮತ್ತು ಸಹಾಯಕಿಯರ ಮೇಲೆ ಪ್ರಯೋಗಶಾಲೆಯ ಈ ಕೆಲಸವನ್ನೂ ಹೇರುವುದು ನ್ಯಾಯವಲ್ಲ.

ಕುದಿಸಿದರೆ ಏನಾಗುತ್ತದೆ?

'ನೀರನ್ನು ಕುದಿಸಿ ಆರಿಸಿ ಕುಡಿಯಿರಿ' ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ರೋಗಾಣುಗಳ ಮಟ್ಟಿಗೆ ಇದು ಸರಿಯಾದ ಪಾಠ. ಫ್ಲೋರೈಡ್ ಮಾತ್ರ ಜೀವಿಯಲ್ಲ, ಅಯಾನು. ಅದು ಸಾಯುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದಿದು 8 ಲೀಟರಿಗೆ ಇಳಿದರೆ, ಒಟ್ಟು 20 ಮಿಲಿಗ್ರಾಂ ಫ್ಲೋರೈಡ್ ಹಾಗೇ ಉಳಿದು ಸಾಂದ್ರತೆ 2.5ಕ್ಕೆ ಏರುತ್ತದೆ. ಬೇಳೆ ಬೇಯಿಸುವ ನೀರಿನ ಕಥೆಯೂ ಇದೇ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರು ಇಲ್ಲದಿದ್ದರೆ ಮಾತ್ರ 1.5ರವರೆಗೆ ಸಮ್ಮತ.

ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಇದನ್ನು ಗುರುತಿಸಲಾಗದು. ಅಳೆಯಲೇಬೇಕು. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿದ ಕೆಂಪು ದ್ರಾವಣಕ್ಕೆ ಫ್ಲೋರೈಡ್ ಬಿದ್ದರೆ ಅದು ಹಳದಿಯತ್ತ ತಿರುಗುತ್ತದೆ. ಇದನ್ನು ಪ್ರೌಢಶಾಲೆಯ ಮೇಜಿನ ಮೇಲೂ ತೋರಿಸಬಹುದು. ಇನ್ನೂ ನಿಖರ ಅಳತೆಗೆ 1966ರಲ್ಲಿ ಫ್ರಾಂಟ್ ಮತ್ತು ರಾಸ್ ರೂಪಿಸಿದ ಲ್ಯಾಂಥನಂ ಫ್ಲೋರೈಡ್ ಸ್ಫಟಿಕದ ವಿದ್ಯುದ್ದ್ವಾರವಿದೆ. ಸಾಂದ್ರತೆ ಹತ್ತು ಪಟ್ಟು ಬದಲಾದಾಗ ಅದರ ವಿಭವ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ.

ನದಿ, ನಲ್ಲಿ, ಮಳೆ

ಪರಿಹಾರ ದೂರವಿಲ್ಲ. ತುಂಗಭದ್ರೆ ಮುಂಡರಗಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತದೆ. ಹಮ್ಮಿಗಿ ಬಳಿಯ ಸಿಂಗಟಾಲೂರು ಬ್ಯಾರೇಜಿನ ನೀರು ಗದಗ-ಬೆಟಗೇರಿಗೂ ಜಿಲ್ಲೆಯ ಹಳ್ಳಿಗಳಿಗೂ ಆಸರೆಯಾಗಿದೆ. 2020ರ ಅಕ್ಟೋಬರ್ 2ರಂದು ಜಲ ಜೀವನ ಅಭಿಯಾನದಡಿ ಶಾಲೆ ಮತ್ತು ಅಂಗನವಾಡಿಗಳಿಗೆ ನಲ್ಲಿ ನೀರು ಕೊಡುವ ನೂರು ದಿನಗಳ ಆಂದೋಲನ ಶುರುವಾಯಿತು. ಆದರೆ ನಲ್ಲಿ ಇದ್ದ ಮಾತ್ರಕ್ಕೆ ನೀರು ನದಿಯದೆಂದು ತಿಳಿಯಬಾರದು. ಬೇಸಿಗೆಯಲ್ಲಿ ಅದೇ ನಲ್ಲಿಗೆ ಕೊಳವೆ ಬಾವಿಯ ನೀರು ಬೆರೆಸುವ ಸಂಭವವಿರುತ್ತದೆ. ಶುದ್ಧ ನೀರಿನ ಘಟಕಗಳ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ. ಆದರೆ ಕಾಲಕಾಲಕ್ಕೆ ಬದಲಿಸದ ಪೊರೆಯನ್ನು ನಂಬುವಂತಿಲ್ಲ.

ಮಳೆಯನ್ನೂ ಮರೆಯಬಾರದು. 30 ಚದರ ಮೀಟರ್ ಚಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದು ಅದರ ಶೇಕಡಾ 80 ಸಿಕ್ಕರೂ 14,400 ಲೀಟರ್ ಆಯಿತು. 30 ಮಕ್ಕಳಿಗೆ ದಿನಕ್ಕೊಂದು ಲೀಟರಿನಂತೆ 300 ದಿನಕ್ಕೆ ಬೇಕಾದದ್ದು 9,000 ಲೀಟರ್. ಉಳಿದದ್ದು ಅಡುಗೆಗೆ. ತೊಟ್ಟಿಗೆ ಬೀಗ ಹಾಕುವ ಭದ್ರ ಮುಚ್ಚಳವಿರಲಿ, ಇಲ್ಲವಾದರೆ ಅದೇ ಒಂದು ಅಪಾಯ. ತೆರೆದುಬಿಟ್ಟ ಕೊಳವೆ ಬಾವಿಗಳಿಗೆ ಮಕ್ಕಳು ಬೀಳುವುದನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ನಿಯಮ ವಿಧಿಸಬೇಕಾಯಿತು ಎಂಬುದು ನೆನಪಿರಲಿ.

ಸದ್ದು ಮಾಡದ ಅಪಾಯ

2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ದೇಶವೇ ಬೆಚ್ಚಿತು, ಶಾಲೆಗಳ ಅಗ್ನಿಸುರಕ್ಷೆಯ ನಿಯಮಗಳು ಬಿಗಿಯಾದವು. ಬೆಂಕಿ ಒಂದೇ ಗಂಟೆಯಲ್ಲಿ ತನ್ನ ಲೆಕ್ಕ ಮುಗಿಸುತ್ತದೆ, ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಫ್ಲೋರೈಡ್ ಹಾಗಲ್ಲ. ಮೂರನೆಯ ವರ್ಷದಲ್ಲಿ ಕುಡಿದದ್ದು ಎಂಟನೆಯ ವರ್ಷದಲ್ಲಿ ಕಾಣುತ್ತದೆ, ಅಷ್ಟರಲ್ಲಿ ಮಗು ಅಂಗನವಾಡಿ ಬಿಟ್ಟು ಶಾಲೆ ಸೇರಿರುತ್ತದೆ. ಕಾರಣ ಒಂದು ಸೂರಿನಡಿ, ಪರಿಣಾಮ ಇನ್ನೊಂದು ಸೂರಿನಡಿ. ಎರಡನ್ನೂ ಜೋಡಿಸಿ ನೋಡಬಲ್ಲವರು ಊರಿನಲ್ಲಿ ಒಬ್ಬರೇ, ಅದು ಶಿಕ್ಷಕರು.

ಆದ್ದರಿಂದ ಲಕ್ಷ್ಮೇಶ್ವರದಲ್ಲಿರಲಿ, ಶಿರಹಟ್ಟಿಯಲ್ಲಿರಲಿ, ಮುಂಡರಗಿಯ ಮೂಲೆಯ ಹಳ್ಳಿಯಲ್ಲಿರಲಿ, ನಿಮ್ಮ ತರಗತಿಯಲ್ಲಿ ಕಲೆಯ ಹಲ್ಲುಗಳು ಕಂಡರೆ ಮಗುವನ್ನು ನಾಚಿಸಬೇಡಿ. ಎಷ್ಟು ಮಕ್ಕಳಿಗೆ, ಯಾವ ಓಣಿಯವರಿಗೆ ಎಂದು ಬರೆದಿಡಿ. ವಿದ್ಯಾರ್ಥಿಗಳೊಡನೆ ಅಂಗನವಾಡಿಯ ನೀರಿನ ಮಾದರಿ ತಂದು, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯತಿಗೆ ಲಿಖಿತವಾಗಿ ಕೊಡಿ. ಓಕ್ಲಿಯ ತಂದೆತಾಯಂದಿರ ಕೈಯಲ್ಲಿ ರೋಹಿತಲೇಖಿ ಇರಲಿಲ್ಲ, ಗಮನಿಸುವ ಕಣ್ಣಿತ್ತು. ನಿಮ್ಮಲ್ಲಿ ಎರಡೂ ಇವೆ. ಇಂದು ಎಂಟರ ಮಗುವಿನ ಕಲೆಯನ್ನು ಅಳಿಸಲಾಗದು. ಅದರ ತಂಗಿಗೆ ಈಗಿನ್ನೂ ಎರಡು ವರ್ಷ.