ತೆರಿಗೆ ಕ್ರೆಡಿಟ್ ವಿದ್ಯಾರ್ಥಿವೇತನ

ತೆರಿಗೆದಾರರ ದೇಣಿಗೆಯಿಂದ ಮಕ್ಕಳ ಖಾಸಗಿ ಶಾಲಾ ಶುಲ್ಕ ಭರಿಸಿ, ಆ ಮೊತ್ತವನ್ನು ದಾನಿ ಕಟ್ಟಬೇಕಾದ ತೆರಿಗೆಯಲ್ಲೇ ಪೂರ್ತಿಯಾಗಿ ಅಥವಾ ಭಾಗಶಃ ಕಳೆಯುವ ಅಮೆರಿಕದ ಶಾಲಾ ಆಯ್ಕೆ ವ್ಯವಸ್ಥೆ. ಶಾಲಾ ಶುಲ್ಕಕ್ಕೆ ಸರ್ಕಾರ ಕೊಡುವ ವೋಚರಿನ ಹಾಗಲ್ಲ, ಇಲ್ಲಿ ಹಣ ಬೊಕ್ಕಸದಿಂದ ಬರುವುದಿಲ್ಲ. ಲಾಭರಹಿತ ಸಂಸ್ಥೆಗಳು ದೇಣಿಗೆ ಸಂಗ್ರಹಿಸಿ ವಿದ್ಯಾರ್ಥಿವೇತನವಾಗಿ ಹಂಚುತ್ತವೆ. ಮೊದಲ ಕಾಯಿದೆ 1997ರಲ್ಲಿ ಅರಿಜೋನಾದಲ್ಲಿ ಬಂತು. 2001ರಲ್ಲಿ ಫ್ಲಾರಿಡಾ, ಪೆನ್ಸಿಲ್ವೇನಿಯಾ ಕಂಪನಿಗಳ ದೇಣಿಗೆಗೆ ಇಂಥ ಸೌಲಭ್ಯ ಕೊಟ್ಟವು. ಸರ್ಕಾರಕ್ಕೆ ಆದಾಯ ತಪ್ಪುವುದರಿಂದ ಇದು ಪರೋಕ್ಷ ಅನುದಾನವೇ ಎಂಬುದು ವಿರೋಧಿಗಳ ವಾದ. ಆದರೆ ಇದು ಸರ್ಕಾರಿ ವೆಚ್ಚವಲ್ಲ, ಹಾಗಾಗಿ ಕೇವಲ ತೆರಿಗೆದಾರರೆಂಬ ನೆಲೆಯಲ್ಲಿ ಇದನ್ನು ಪ್ರಶ್ನಿಸಲು ಬರುವುದಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 5–4ರ ಬಹುಮತದಿಂದ ತೀರ್ಪಿತ್ತಿತು. ಮೊಂಟಾನಾದ ಪ್ರಕರಣದಲ್ಲಿ (2020), ಧಾರ್ಮಿಕವೆಂಬ ಕಾರಣಕ್ಕೆ ಶಾಲೆಗಳನ್ನು ಹೊರಗಿಡುವಂತಿಲ್ಲವೆಂದಿತು. 2025ರ ಒಕ್ಕೂಟ ಕಾಯಿದೆಯ ಪ್ರಕಾರ, 2027ರಿಂದ ಒಬ್ಬ ದಾನಿಗೆ ವರ್ಷಕ್ಕೆ 1,700 ಡಾಲರ್‌ವರೆಗೆ ಕ್ರೆಡಿಟ್ ಸಿಗುತ್ತದೆ. ಯೋಜನೆಗೆ ಸೇರುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು.