ಮುಯ್ಯಿ, ಬಳುವಳಿ, ವರೋಪಚಾರ

ಬೀಗರ ಮನೆಗೆ ಏನು ಕಳಿಸಬೇಕು ಎಂಬ ಚಿಂತೆ ದೆಹಲಿಯ ಕನ್ನಡ ಮನೆಗಳನ್ನು ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಬಿಡುವುದಿಲ್ಲ. ಮಗಳನ್ನು ಪಂಜಾಬಿ ಮನೆತನಕ್ಕೆ ಕೊಟ್ಟವರಿಗಂತೂ ಕರ್ವಾ ಚೌತ್, ಲೋಹ್ರಿಗಳೂ ಸೇರಿ ಪಟ್ಟಿ ಇನ್ನೂ ಉದ್ದ. ಸೀರೆ ಅಗ್ಗದ್ದಾಯಿತು, ನಾದಿನಿಯ ಮಕ್ಕಳನ್ನು ಮರೆತರು ಎಂಬ ಮಾತು ಕೊಟ್ಟವರ ಕಿವಿಗೆ ನೇರವಾಗಿ ಬೀಳುವುದಿಲ್ಲ. ಅದನ್ನು ಕೇಳಬೇಕಾದವಳು ಸೊಸೆ. ಆಕ್ಷೇಪಿಸಿದರೆ "ಹಿಂದಿನಿಂದ ಬಂದ ಪದ್ಧತಿ" ಎಂಬ ಒಂದೇ ಉತ್ತರ. ಆ ಹಿಂದು ಎಷ್ಟು ಹಿಂದು ಎಂದು ನೋಡುವುದು ಉಚಿತ.

ಕೊಡುಗೆಯೇನೋ ನಮ್ಮಲ್ಲಿ ಹಳೆಯದೇ. ಗಂಗರ ಇಮ್ಮಡಿ ಬೂತುಗನು ರಾಷ್ಟ್ರಕೂಟರ ಮುಮ್ಮಡಿ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ವರಿಸಿದಾಗ ಪುಲಿಗೆರೆ-300, ಬೆಳ್ವೊಲ-300, ಕಿಸುಕಾಡು-70, ಬಾಗೆನಾಡು-70 ಬಳುವಳಿಯಾಗಿ ಬಂದುವೆಂದು ಹತ್ತನೆಯ ಶತಮಾನದ ಹೆಬ್ಬಾಳದ ಶಾಸನ ತಿಳಿಸುತ್ತದೆ. ಆದರೆ ಅರಸರ ಬಳುವಳಿ ರಾಜ್ಯತಂತ್ರಕ್ಕೆ ಸೇರಿದ್ದು. ಸಾಮಾನ್ಯ ಜನರ ಎಷ್ಟೋ ಸಮುದಾಯಗಳಲ್ಲಿ ಹಣ ಹರಿಯುತ್ತಿದ್ದುದು ಎದುರು ದಿಕ್ಕಿನಲ್ಲಿ: ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ 'ತೆರ' ತೆರುತ್ತಿದ್ದರು. ಮದುವೆಯಲ್ಲಿ ನೆಂಟರಿಷ್ಟರು ಓದಿಸಿದ ಮುಯ್ಯಿಯನ್ನು ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು ಮರ್ಯಾದೆಯಾಗಿತ್ತು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ರೂಢಿ ಇದ್ದಲ್ಲಿ, ಇಂದು ಕೊಟ್ಟ ಮನೆಯೇ ನಾಳೆ ತೆಗೆದುಕೊಳ್ಳುವ ಮನೆ. ಬೀಗರ ಮುನಿಸು ಆಗಲೂ ಇದ್ದೀತು. ಆದರೆ ಕೊಡುಗೆ ಸುತ್ತಿ ಬರುತ್ತಿತ್ತು.

ಉತ್ತರ ಭಾರತದ ಅನೇಕ ಸಮುದಾಯಗಳಲ್ಲಿ ಹೀಗಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ನಿಷಿದ್ಧ. ಹೆಣ್ಣು ಕೊಟ್ಟವರು ಸದಾ ಕೊಡುವವರು. ಮಗಳ ಮನೆಯಲ್ಲಿ ನೀರನ್ನೂ ಮುಟ್ಟದ ತಂದೆತಾಯಿಗಳಿದ್ದರು. ದೆಹಲಿಯಲ್ಲಿ ಎರಡು ಸೀಮೆಯವರು ಬೀಗರಾದಾಗ ಒಬ್ಬರು ಮುಯ್ಯಿಯ ಲೆಕ್ಕ ಹಿಡಿದಿರುತ್ತಾರೆ, ಇನ್ನೊಬ್ಬರು ಕಾಣಿಕೆಯ ಲೆಕ್ಕ. ಎಷ್ಟೋ ಮನಸ್ತಾಪಗಳ ಮೂಲ ಇಲ್ಲಿದೆ.

ಹಾಗೆಂದು ನಮ್ಮವರು ನಿರ್ದೋಷಿಗಳೇನಲ್ಲ. ಇಂಗ್ಲಿಷ್ ವಿದ್ಯೆ, ಸರ್ಕಾರಿ ನೌಕರಿಗಳು ಬಂದಂತೆ ಮೈಸೂರು ಸೀಮೆಯಲ್ಲೂ ವರನಿಗೆ ಬೆಲೆ ಕಟ್ಟಲಾಯಿತು. ಸೂಟು, ಗಡಿಯಾರ, ಓದಿನ ಖರ್ಚು 'ವರೋಪಚಾರ'ದ ಹೆಸರಿನಲ್ಲಿ ಒಳಬಂದುವು. ಮೈಸೂರಿನಲ್ಲಿ ಹುಟ್ಟಿ, 1959ರಿಂದ 1972ರವರೆಗೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಬೋಧಿಸಿದ ಎಂ. ಎನ್. ಶ್ರೀನಿವಾಸ್ ಅವರು ಮೈಸೂರಿನ ಮದುವೆ, ಕುಟುಂಬಗಳ ಬಗೆಗಿನ ತಮ್ಮ ಗ್ರಂಥವನ್ನು 1942ರಲ್ಲೇ ಪ್ರಕಟಿಸಿದ್ದರು. ವರದಕ್ಷಿಣೆಯ ವಿಚಾರವಾಗಿ 1983ರಲ್ಲಿ ಅವರು ನೀಡಿದ ಉಪನ್ಯಾಸದ ಸಾರ ಇದು: ಇಂದಿನ ವರದಕ್ಷಿಣೆಯನ್ನು ಶಾಸ್ತ್ರೋಕ್ತ ದಕ್ಷಿಣೆಗೋ ಸ್ತ್ರೀಧನಕ್ಕೋ ಸಮ ಮಾಡುವುದು ತಪ್ಪು, ಇದು ಆಧುನಿಕ ಕಾಲದ ಕೂಸು.

ಕಾನೂನು ಎಡವಿದ್ದೂ ಉಡುಗೊರೆಯ ಹೊಸ್ತಿಲಲ್ಲೇ. ವರದಕ್ಷಿಣೆ ನಿಷೇಧ ಮಸೂದೆಯ ಮೇಲೆ ಲೋಕಸಭೆ, ರಾಜ್ಯಸಭೆಗಳಿಗೆ ಒಮ್ಮತ ಬಾರದೆ 1961ರ ಮೇ 6 ಮತ್ತು 9ರಂದು ಜಂಟಿ ಅಧಿವೇಶನ ಕೂಡಬೇಕಾಯಿತು. ಮಸೂದೆಯ ಸಲುವಾಗಿ ಹೀಗೆ ಎರಡು ಸದನಗಳೂ ಕೂಡಿದ್ದು ಅದೇ ಮೊದಲು. ಮದುವೆಯಲ್ಲಿ ಕೊಟ್ಟ ನಗದು, ಒಡವೆ, ಬಟ್ಟೆಗಳು ಮದುವೆಗೆ ಪ್ರತಿಫಲವಾಗಿ ಕೊಟ್ಟದ್ದಲ್ಲವಾದರೆ ವರದಕ್ಷಿಣೆಯಲ್ಲ ಎಂಬ ವಿವರಣೆಯೂ ಕಾಯಿದೆಯಲ್ಲಿ ಸೇರಿತು. ಆ ಬಾಗಿಲಿನಿಂದ ಎಲ್ಲವೂ ಉಡುಗೊರೆಯ ವೇಷದಲ್ಲಿ ನುಸುಳಿತು. 1979ರಲ್ಲಿ ದೆಹಲಿಯ ಬೀದಿಗಳಲ್ಲಿ ಮಹಿಳೆಯರು ಮೆರವಣಿಗೆ ಹೊರಟರು. ಅದೇ ವರ್ಷ ಮಗಳನ್ನು ಕಳೆದುಕೊಂಡ ಸತ್ಯರಾಣಿ ಚಡ್ಢಾ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1984ರ ತಿದ್ದುಪಡಿ ಆ ವಿವರಣೆಯನ್ನು ತೆಗೆದುಹಾಕಿತು. ಕೇಳದೆ ಕೊಟ್ಟ ಉಡುಗೊರೆಗಳನ್ನೂ ಪಟ್ಟಿ ಮಾಡಿ, ವಧೂವರರಿಬ್ಬರೂ ರುಜು ಹಾಕಬೇಕೆಂದು 1985ರ ನಿಯಮಗಳು ವಿಧಿಸಿದುವು. ಎಷ್ಟು ಮದುವೆಮನೆಗಳಲ್ಲಿ ಈ ಪಟ್ಟಿಯನ್ನು ಕಂಡಿದ್ದೇವೆ ಎಂದು ಓದುಗರೇ ನೆನಪು ಮಾಡಿಕೊಳ್ಳಲಿ.

ಹೆಣ್ಣಿನ ಸ್ತ್ರೀಧನ ಅತ್ತೆಯ ಮನೆಯಲ್ಲಿದ್ದ ಮಾತ್ರಕ್ಕೆ ಅವರದಾಗದು ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟಪಡಿಸಿತು. ಆದರೆ ಮಗು ಹುಟ್ಟಿದಾಗ, ಇತರ ಶುಭಕಾರ್ಯಗಳಲ್ಲಿ ರೂಢಿಯಂತೆ ಕೊಡುವುದು ವರದಕ್ಷಿಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸತ್ವೀರ್ ಸಿಂಗ್ ಪ್ರಕರಣದಲ್ಲಿ 2001ರಲ್ಲಿ ಹೇಳಿತು. ಹಬ್ಬದ ಸೀರೆ, ನಾಮಕರಣದ ಬೆಳ್ಳಿ ಬಟ್ಟಲುಗಳ ತೀರ್ಮಾನ ಹೆಚ್ಚಾಗಿ ನಮ್ಮ ಮನೆಗಳಿಗೇ ಉಳಿದಿದೆ.

ಚರಿತ್ರೆ ನಮ್ಮ ಕೈಗೆ ಒಂದು ಒರೆಗಲ್ಲನ್ನಂತೂ ಕೊಡುತ್ತದೆ. ತಿರುಗಿ ಬರುವುದು ಮುಯ್ಯಿ. ಮಗಳ ಕೈಯಲ್ಲೇ ಉಳಿಯುವುದು ಬಳುವಳಿ. ಒಂದೇ ಕಡೆಗೆ ಹರಿದು, ಕಡಿಮೆಯಾದಾಗ ಸೊಸೆಯ ಕಣ್ಣಲ್ಲಿ ನೀರು ತರಿಸುವುದು ಕಂದಾಯ. ಗೌರಿ ಬಾಗಿನದ ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಕಣ, ಬೇಳೆ ಬೆಲ್ಲಗಳಿಗಿಂತ ಹೆಚ್ಚಿನದನ್ನು ನಮ್ಮ ಅಜ್ಜಿಯರು ಬಯಸಿರಲಿಲ್ಲ. ನಿಶ್ಚಿತಾರ್ಥದ ದಿನವೇ ಎರಡು ಮನೆಯವರೂ ಕುಳಿತು, ಹಬ್ಬಕ್ಕೆ ಇಷ್ಟೇ, ಅದೂ ಎರಡು ಕಡೆಯಿಂದಲೂ ಎಂದು ಮಾತಾಡಿಕೊಂಡರೆ ಪದ್ಧತಿಗೆ ಭಂಗವಿಲ್ಲ, ಮಗಳಿಗೂ ನೆಮ್ಮದಿ. ಈ ಮಾತನ್ನು ಮೊದಲು ಎತ್ತಬೇಕಾದವರು ಗಂಡುಮಕ್ಕಳ ತಂದೆತಾಯಿಗಳು.